ನೈರೋಬಿಯಿಂದ ಮಗಾಡಿ ಸೋಡಾ ಸರೋವರಕ್ಕೆ: ಒಂದೇ ದಿನದಲ್ಲಿ ಹೋಗಿ ಬರುವವರಿಗೆ

ಫ್ಲೆಮಿಂಗೊ ಹಕ್ಕಿಗಳ ಗುಲಾಬಿ ಹಿಂಡನ್ನು ಕಣ್ತುಂಬಿಕೊಳ್ಳುವುದೊಂದೇ ಆಸೆಯಾಗಿದ್ದರೆ ಮಗಾಡಿಗೆ ಹೋಗುವುದು ಬೇಡ. ಅದಕ್ಕೆ ಉತ್ತರದ ಬೊಗೋರಿಯಾ ಸರೋವರವೇ ವಾಸಿ, ಒಂದು ರಾತ್ರಿ ತಂಗಬೇಕಾಗಿ ಬಂದರೂ ಚಿಂತೆಯಿಲ್ಲ. ಮಗಾಡಿಯಲ್ಲೂ ಹಕ್ಕಿಗಳಿರುತ್ತವೆ. ಆದರೆ ಇಂದು ನೂರಾರು, ಮುಂದಿನ ವಾರ ಸಾವಿರಾರು, ಆಮೇಲೊಂದು ದಿನ ದೂರದಲ್ಲಿ ಬರೀ ಒಂದು ತೆಳು ಗೆರೆ. ಅಲೆಯಾಡುವ ನೀರನ್ನು ಕಲ್ಪಿಸಿಕೊಂಡು ಹೋದವರಿಗೂ ನಿರಾಸೆ ಕಾದಿದೆ. ಸುಮಾರು ನೂರು ಚದರ ಕಿಲೋಮೀಟರ್ ಹರಡಿರುವ ಈ ಸರೋವರದ ಬಹುಭಾಗ ವರ್ಷದ ಹೆಚ್ಚಿನ ತಿಂಗಳು ಗಟ್ಟಿಯಾದ ಸೋಡಾ (ಸೋಡಿಯಂ ಕಾರ್ಬೊನೇಟ್ ಉಪ್ಪು) ಹಾಸು: ಬಿಳಿ, ಬೂದು, ಅಲ್ಲಲ್ಲಿ ನಸುಗೆಂಪು. ನೆಲ ಇಳಿಯುತ್ತಾ ಇಳಿಯುತ್ತಾ ಗಾಳಿ ಕಾವೇರುವುದನ್ನು ಮೈಯಲ್ಲೇ ಅನುಭವಿಸಬೇಕು, ಆ ಸೋಡಾದ ನಡುವೆ ಯಾವ ಜೀವ ಹೇಗೆ ಬದುಕುತ್ತದೆ ಎಂದು ನೋಡಬೇಕು ಎನ್ನುವವರಿಗೆ ಈ ದಾರಿ. ಅಂಥವರಿಗೆ ನೈರೋಬಿಯಿಂದ ಇದಕ್ಕಿಂತ ಒಳ್ಳೆಯ ಒಂದು ದಿನದ ಪ್ರಯಾಣ ನನಗೆ ಗೊತ್ತಿಲ್ಲ.

ಮೊಬೈಲಿನಲ್ಲಿ ಹುಡುಕುವಾಗ ಕೀನ್ಯಾ ಎಂದು ಸೇರಿಸಿಕೊಳ್ಳಿ. ಇಲ್ಲವಾದರೆ ಕೆಂಪೇಗೌಡರ ಮಾಗಡಿಯೋ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆಯೋ ಎದುರು ಬಂದು ನಿಲ್ಲುತ್ತದೆ. ಅವು ಸೊಗಸಾದ ಜಾಗಗಳೇ, ಆದರೆ ನಾವು ಹೊರಟಿದ್ದು ಬೇರೆ ಕಡೆಗೆ.

ನೈರೋಬಿಯಿಂದ ಮಗಾಡಿ ಊರಿಗೆ ನೂರ ಹತ್ತು ಕಿಲೋಮೀಟರ್ ಆಸುಪಾಸು. ನಕ್ಷೆ ಎರಡೂವರೆ ಗಂಟೆ ಎನ್ನುತ್ತದೆ, ನೀವು ಮೂರು ಗಂಟೆ ಇಟ್ಟುಕೊಳ್ಳಿ. ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂಬುದರ ಮೇಲೆಯೇ ಇಡೀ ದಿನ ನಿಂತಿದೆ. ಬೆಳಿಗ್ಗೆ ಐದೂವರೆಗೆ ನಗರ ಬಿಟ್ಟರೆ ಒಂಬತ್ತರೊಳಗೆ ಸರೋವರದ ಅಂಚಿನಲ್ಲಿರುತ್ತೀರಿ. ಹನ್ನೊಂದೂವರೆಯ ನಂತರ ಅಲ್ಲಿ ಬಯಲಿನಲ್ಲಿ ನಿಲ್ಲುವುದು ಕಷ್ಟ. ಬಿಸಿಲು ಮೇಲಿಂದಷ್ಟೇ ಅಲ್ಲ, ಬಿಳಿ ನೆಲದಿಂದ ಪುಟಿದು ಕೆಳಗಿನಿಂದಲೂ ಹೊಡೆಯುತ್ತದೆ. ಟೋಪಿ ಇದ್ದರೂ ಗದ್ದದ ಅಡಿ ಸುಡುತ್ತದೆ. ಹೋಟೆಲಿನ ತಿಂಡಿ ಮುಗಿಸಿಕೊಂಡು ಎಂಟಕ್ಕೆ ಹೊರಡುವ ಯೋಚನೆಯಿದ್ದರೆ ಪ್ರವಾಸವನ್ನೇ ಕೈಬಿಡುವುದು ಮೇಲು.

ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಣ್ಣ ಮಳೆ. ಆಗ ಸೋಡಾದ ಮೇಲೆ ತೆಳುವಾಗಿ ನೀರು ನಿಂತು ಆಕಾಶವೆಲ್ಲ ಅದರಲ್ಲಿ ಕಾಣುತ್ತದೆ. ನೋಡಲು ಚೆಂದ, ಆದರೆ ಮಣ್ಣಿನ ದಾರಿಗಳು ಕೈಕೊಡುತ್ತವೆ. ಜೂನ್‌ನಿಂದ ಸೆಪ್ಟೆಂಬರ್ ಹಾಗೂ ಜನವರಿ, ಫೆಬ್ರವರಿ ನಂಬಿಕೆಗೆ ತಕ್ಕ ತಿಂಗಳುಗಳು.

ವಾಹನದ ವಿಷಯ. ದಾರಿಯಲ್ಲಿ ಸಿಗುವ ಕಿಸೇರಿಯನ್ ಪಟ್ಟಣದವರೆಗೆ ಮಟಾಟು ಎಂಬ ಬಾಡಿಗೆ ವ್ಯಾನುಗಳು ಧಾರಾಳ. ಅದರಾಚೆ ವಿರಳ, ಮರಳಿ ಬರುವಾಗಲಂತೂ ನಂಬುವ ಹಾಗಿಲ್ಲ. ಸ್ವಂತ ಅಥವಾ ಬಾಡಿಗೆ ಕಾರೇ ಬೇಕು. ನಮ್ಮಲ್ಲಿಯಂತೆಯೇ ಅಲ್ಲಿಯೂ ಎಡಬದಿಯ ಸಂಚಾರ, ಹಾಗಾಗಿ ಓಡಿಸುವುದಕ್ಕೆ ಭಯವಿಲ್ಲ. ನಮ್ಮ ಜೊತೆ ನೈರೋಬಿಯಲ್ಲಿ ಕೆಲಸದಲ್ಲಿರುವ ನನ್ನ ಭಾವಮೈದುನ ಇದ್ದುದರಿಂದ ಸ್ಟಿಯರಿಂಗ್ ಅವನ ಕೈಯಲ್ಲಿತ್ತು. ಮಗಾಡಿ ಊರಿನವರೆಗೆ ಡಾಂಬರು ರಸ್ತೆ, ಕೆಲವು ಕಡೆ ಗುಂಡಿಗಳಿವೆ, ಸಾಮಾನ್ಯ ಕಾರು ಸಾಕು. ಬಿಸಿನೀರಿನ ಬುಗ್ಗೆಗಳಿಗೆ ಹೋಗಬೇಕಾದರೆ ಮಾತ್ರ ನಾಲ್ಕು ಚಕ್ರಕ್ಕೂ ಎಳೆತವಿರುವ, ನೆಲದಿಂದ ಎತ್ತರವಿರುವ ಗಾಡಿಯೇ ಆಗಬೇಕು. ಬುಗ್ಗೆಗಳನ್ನು ಬಿಟ್ಟರೆ ಮಗಾಡಿಯಲ್ಲಿ ಅರ್ಧ ನೋಡಿದಂತೆ, ಆದ್ದರಿಂದ ಬಾಡಿಗೆಯಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ, ಜಾಕ್ ಕೆಲಸ ಮಾಡುತ್ತದೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳಿ. ಪೆಟ್ರೋಲನ್ನು ಕಿಸೇರಿಯನ್‌ನಲ್ಲಿ ಪೂರ್ತಿ ತುಂಬಿಸಿ. ನಗದು ಹಣವೂ ಇರಲಿ. ಕೀನ್ಯಾದಲ್ಲಿ ತರಕಾರಿ ಅಂಗಡಿಯವರೂ ಎಂಪೆಸಾ ಎಂಬ ಮೊಬೈಲ್ ಹಣದಲ್ಲೇ ವ್ಯವಹರಿಸುತ್ತಾರೆ, ಆದರೆ ಊರು ದಾಟಿದ ಮೇಲೆ ಸಿಗ್ನಲ್ ಬಂದರೂ ಬಂತು, ಇಲ್ಲದಿದ್ದರೂ ಇಲ್ಲ.

ಒಂಗಾಟ ರೊಂಗೈ, ಕಿಸೇರಿಯನ್ ದಾಟಿ ರಸ್ತೆ ನ್ಗೊಂಗ್ ಬೆಟ್ಟಗಳ ತೆಂಕಣ ಹೆಗಲನ್ನು ಏರುತ್ತದೆ. ಅಲ್ಲೊಂದು ತಿರುವಿಗೆ ಕೋನಾ ಬರಿಡಿ ಎಂದು ಹೆಸರು, ಸ್ವಾಹಿಲಿಯಲ್ಲಿ ಚಳಿಯ ತಿರುವು ಎಂದರ್ಥ. ಇಳಿದು ನಿಂತರೆ ಹಲ್ಲು ಕಟಕಟಿಸುವ ಗಾಳಿ. ಅಲ್ಲಿಂದ ಮುಂದೆ ಗ್ರೇಟ್ ರಿಫ್ಟ್ ಕಣಿವೆ ಒಂದೇ ಸಲಕ್ಕೆ ತೆರೆದುಕೊಳ್ಳುತ್ತದೆ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಮಗಾಡಿ 600ರ ಆಸುಪಾಸು. ಅಂದರೆ ಒಂದು ಕಿಲೋಮೀಟರಿಗೂ ಮೀರಿದ ಇಳಿತ. ಅದೂ ಒಂದೇ ಘಾಟಿಯಲ್ಲಲ್ಲ, ಮೆಟ್ಟಿಲುಮೆಟ್ಟಿಲಾಗಿ. ಭೂಮಿಯ ಹೊರಪದರ ಇಲ್ಲಿ ಹಿಗ್ಗಿ, ಸೀಳಿ, ಹಲಗೆ ಹಲಗೆಯಾಗಿ ಕುಸಿದಿರುವುದರಿಂದ ರಸ್ತೆ ಒಂದು ಬಯಲಿನಲ್ಲಿ ಸ್ವಲ್ಪ ದೂರ ಓಡುತ್ತದೆ, ಮತ್ತೆ ಇಳಿಯುತ್ತದೆ, ಮತ್ತೊಂದು ಬಯಲು. ಪ್ರತಿ ಇಳಿತಕ್ಕೂ ಒಂದೊಂದು ಬಟ್ಟೆ ಕಳಚುವ ಹಾಗಾಗುತ್ತದೆ. ಸ್ವೆಟರ್ ಹಾಕಿಕೊಂಡು ಹೊರಟವರು ಊರು ಮುಟ್ಟುವಾಗ ಅಂಗಿಯ ತೋಳು ಮಡಚಿರುತ್ತೀರಿ. ದಾರಿಯಲ್ಲಿ ಮಾಸಾಯಿ ಎಂಬ ಪಶುಪಾಲಕ ಸಮುದಾಯದ ಹುಡುಗರ ಮೇಕೆ ಹಿಂಡು, ಕತ್ತೆಗಳು, ಅದೃಷ್ಟವಿದ್ದರೆ ಜಾಲಿ ಮರದ ಮೇಲಿಂದ ಕತ್ತು ಚಾಚಿದ ಜಿರಾಫೆ. ವೇಗ ಬೇಡ. ಮೇಕೆಗೆ ತಗುಲಿದರೆ ಲೆಕ್ಕ ಚುಕ್ತಾ ಆಗುವವರೆಗೆ ಅಲ್ಲಿಂದ ಕದಲುವಂತಿಲ್ಲ, ಅದು ನ್ಯಾಯವೂ ಹೌದು.

ಅರ್ಧ ದಾರಿ ಕಳೆದ ಮೇಲೆ ಎಡಕ್ಕೆ ಒಲೊರ್ಗೆಸೈಲಿ ಎಂಬ ಆದಿಮಾನವ ನೆಲೆಯ ಫಲಕ ಕಾಣುತ್ತದೆ. ಹೋಗುವಾಗ ಅಲ್ಲಿ ನಿಲ್ಲಬೇಡಿ, ಬರುವಾಗ ನಿಲ್ಲಿ. ನೆರಳಿರುವ ಜಾಗ, ಮಧ್ಯಾಹ್ನದ ಬಳಲಿಕೆಗೆ ಒಳ್ಳೆಯದು. 1940ರ ದಶಕದಲ್ಲಿ ಆದಿಮಾನವನ ಕುರುಹು ಹುಡುಕುತ್ತಿದ್ದ ಪುರಾತತ್ವಜ್ಞರಾದ ಲೂಯಿ ಮತ್ತು ಮೇರಿ ಲೀಕಿ ದಂಪತಿ ಇಲ್ಲಿ ಅಗೆದು ಲೆಕ್ಕವಿಲ್ಲದಷ್ಟು ಕಲ್ಲಿನ ಕೈಗೊಡಲಿಗಳನ್ನು ಕಂಡರು. ಅವುಗಳಲ್ಲಿ ಹಳೆಯವು ಸುಮಾರು 12 ಲಕ್ಷ ವರ್ಷಗಳ ಹಿಂದಿನವು. ವಸ್ತುಸಂಗ್ರಹಾಲಯಕ್ಕೆ ಹೊತ್ತೊಯ್ಯದೆ ಸಿಕ್ಕಲ್ಲೇ ಬಿಟ್ಟಿರುವ ಕೊಡಲಿಗಳ ರಾಶಿಯನ್ನು ಮರದ ಅಟ್ಟಣೆಯ ಮೇಲೆ ನಡೆಯುತ್ತಾ ನೋಡಬಹುದು. ಸುತ್ತಲಿನ ಬಿಳಿ ಮಣ್ಣು ಸೋಡಾ ಅಲ್ಲ. ಒಂದು ಕಾಲದಲ್ಲಿ ಅಲ್ಲಿದ್ದ ಸಿಹಿನೀರಿನ ಸರೋವರದ ಸೂಕ್ಷ್ಮ ಪಾಚಿಗಳ ಚಿಪ್ಪು ಅದು. ಕಾವಲುಗಾರರೇ ಮಾರ್ಗದರ್ಶಕರೂ ಹೌದು, ಬಿಡುವಾಗಿ ಕೇಳಿದರೆ ಬಹಳ ಹೇಳುತ್ತಾರೆ.

ಮಗಾಡಿ ಕಾರ್ಖಾನೆಯ ಊರು. ಹೊಕ್ಕುವ ಕಡೆ ತಡೆಗೇಟು, ಹೆಸರು ಮತ್ತು ಗಾಡಿಯ ನಂಬರ್ ಬರೆಸಬೇಕು. ಮೇಲಿನ ಫಲಕ ಓದಿದರೆ ನಮ್ಮವರಿಗೆ ಸಣ್ಣ ಬೆರಗು: ಟಾಟಾ ಕೆಮಿಕಲ್ಸ್. 1911ರಲ್ಲಿ ಬ್ರಿಟಿಷರು ಶುರು ಮಾಡಿದ ಸೋಡಾ ಕಂಪನಿ ಕೈ ಬದಲಿಸುತ್ತಾ ಬಂದು ಈ ಶತಮಾನದ ಮೊದಲ ದಶಕದಲ್ಲಿ ಟಾಟಾ ಬಳಗ ಸೇರಿತು. ಸರೋವರದ ಹಾಸಿನಲ್ಲಿರುವ ಟ್ರೋನಾ ಎಂಬ ಖನಿಜವನ್ನು ತೇಲುವ ಯಂತ್ರಗಳು ಅಗೆದು, ಪುಡಿ ಮಾಡಿ, ಉಪ್ಪುನೀರಿನೊಡನೆ ಕೊಳವೆಯಲ್ಲಿ ದಡಕ್ಕೆ ತಳ್ಳುತ್ತವೆ. ಅದನ್ನು ಕಾಯಿಸಿದರೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಹೋಗಿ ಸೋಡಾ ಆ್ಯಶ್ ಉಳಿಯುತ್ತದೆ. ಗಾಜಿಗೆ, ಬಟ್ಟೆ ಒಗೆಯುವ ಪುಡಿಗೆ ಇದೇ ಬೇಕು. ನಮ್ಮ ಕಡೆ ಮಡಿವಾಳರು ಚೌಳು ಮಣ್ಣಿನಲ್ಲಿ ಬಟ್ಟೆ ನೆನೆಹಾಕುತ್ತಿದ್ದುದು ಇದೇ ಗುಣಕ್ಕೆ. ಈ ಸೋಡಾವನ್ನು ಮೊಂಬಾಸಾ ಬಂದರಿಗೆ ಸಾಗಿಸಲೆಂದೇ ಕೊಂಜಾದಿಂದ ಇಲ್ಲಿಗೊಂದು ರೈಲು ಕವಲು ಹಾಕಿದರು, ಹಳಿ ಊರಿನಲ್ಲೇ ಹಾದುಹೋಗುತ್ತದೆ. ಊರಿನಲ್ಲಿ ಶಾಲೆ, ಆಸ್ಪತ್ರೆ, ಈಜುಕೊಳವಿರುವ ಕ್ಲಬ್ಬು, ಜೊತೆಗೆ ಹುಲ್ಲಿನ ಎಸಳೂ ಇಲ್ಲದ ಗಾಲ್ಫ್ ಮೈದಾನ! ಯಾರಿಗೆ ಹೊಳೆಯಿತೋ, ಆ ಮಹಾನುಭಾವನಿಗೆ ಕೈಮುಗಿಯಬೇಕು. ಕಾರ್ಖಾನೆಯ ಚಿತ್ರ ತೆಗೆಯುವ ಮುನ್ನ ಕೇಳಿ. ಡ್ರೋನ್ ಹಾರಿಸಲು ಕೀನ್ಯಾದಲ್ಲಿ ಮೊದಲೇ ಪರವಾನಗಿ ಬೇಕು, ಮನೆಯಲ್ಲೇ ಬಿಟ್ಟು ಬನ್ನಿ.

ಊರಿನಿಂದ ದಕ್ಷಿಣದ ತುದಿಯ ಬುಗ್ಗೆಗಳಿಗೆ ಮಣ್ಣಿನ ದಾರಿ. ಇಲ್ಲಿ ಸ್ಥಳೀಯ ಮಾಸಾಯಿ ಸಮುದಾಯದವರು ಪ್ರವೇಶ ಶುಲ್ಕ ಕೇಳುತ್ತಾರೆ, ಮಾರ್ಗದರ್ಶಕನ ಕೂಲಿ ಬೇರೆ. ಮೊತ್ತವನ್ನು ಹೊರಡುವ ಮೊದಲೇ ಮಾತಾಡಿಕೊಂಡು ರಸೀದಿ ಪಡೆಯಿರಿ. ಕೂಲಿಯಲ್ಲಿ ಚೌಕಾಸಿ ಮಾಡಿ ಮಾರ್ಗದರ್ಶಕನನ್ನೇ ಬಿಟ್ಟು ಹೋಗುವ ಜಾಣತನ ಬೇಡ. ದಾರಿ ಎಂಬುದು ಅಲ್ಲಿ ಮಳೆಗೊಮ್ಮೆ ಬದಲಾಗುತ್ತದೆ, ಗಟ್ಟಿಯಾಗಿ ಕಾಣುವ ಬಿಳಿ ನೆಲದಡಿ ಕಪ್ಪು ಕೆಸರು ಕೂತಿರುತ್ತದೆ. ನಾವು ಹೋದಾಗ ಯಾರೋ ವಿದೇಶಿಯರ ಜೀಪು ಅಚ್ಚಿನವರೆಗೆ ಹೂತು ನಿಂತಿತ್ತು. ನಮ್ಮ ಜೊತೆಗಿದ್ದ ಹುಡುಗ ದೂರದಿಂದಲೇ ನೋಡಿ, ಅವರು ಸಂಜೆಯವರೆಗೆ ಇಲ್ಲೇ ಎಂದು ನಿರ್ವಿಕಾರವಾಗಿ ಹೇಳಿದ. ಆಮೇಲೆ ತಾನೇ ಇಳಿದು ಹೋಗಿ ತಳ್ಳಲು ನೆರವಾದ.

ಸೋಡಾ ಹಾಸಿನ ಮೇಲೆ ನಡೆಯುವಾಗ ಮೇಲ್ಪದರ ಹಪ್ಪಳದಂತೆ ಸದ್ದು ಮಾಡಿ ಮುರಿಯುತ್ತದೆ. ಒಡೆದಲ್ಲಿ ಕೆಳಗೆ ಸೂಜಿಯಂಥ ಹರಳುಗಳು, ಅದರ ಕೆಳಗೆ ಕೆಂಪು ನೀರು. ಈ ಕೆಂಪು ಉಪ್ಪಿನಲ್ಲೇ ಬಾಳುವ ಸೂಕ್ಷ್ಮಜೀವಿಗಳದ್ದು. ಸರೋವರಕ್ಕೆ ಹೊಳೆಯ ಆಸರೆಯಿಲ್ಲ, ಹೊರಹೋಗುವ ದಾರಿಯೂ ಇಲ್ಲ. ಜ್ವಾಲಾಮುಖಿ ಶಿಲೆಗಳ ನಡುವೆ ಜಿನುಗಿ ಸೋಡಿಯಂ ಮತ್ತು ಕಾರ್ಬೊನೇಟನ್ನು ಹೊತ್ತು ತಂದ ಅಂತರ್ಜಲ ಬುಗ್ಗೆಯಾಗಿ ಮೇಲೆ ಬರುತ್ತದೆ, ಬಿಸಿಲು ನೀರನ್ನಷ್ಟೇ ಒಯ್ಯುತ್ತದೆ. ಸಾವಿರಾರು ವರ್ಷ ಹೀಗೇ ನಡೆದು ಕೆಲವು ಕಡೆ ಹತ್ತಾರು ಮೀಟರ್ ದಪ್ಪದ ಹಾಸು ಕೂತಿದೆ. ಆಮ್ಲ-ಕ್ಷಾರವನ್ನು ಅಳೆಯುವ ಪಿಎಚ್ ಮೌಲ್ಯ ಈ ನೀರಿನಲ್ಲಿ 10ರ ಸುತ್ತಮುತ್ತ, ಅಂದರೆ ತೀವ್ರ ಕ್ಷಾರ. ಮುಟ್ಟಿದರೆ ಬೆರಳು ಸಾಬೂನು ಹಚ್ಚಿದಂತೆ ಜಾರುತ್ತದೆ, ಗಾಯವಿದ್ದರೆ ಚುರುಗುಟ್ಟುತ್ತದೆ. ಕಣ್ಣು ಉಜ್ಜಬೇಡಿ. ಪಾದ ಮುಚ್ಚುವ ಹಳೆಯ ಬೂಟು ಹಾಕಿಕೊಳ್ಳಿ, ಚಪ್ಪಲಿ ಬೇಡವೇ ಬೇಡ.

ನಾನು ಹೆಚ್ಚು ಹೊತ್ತು ಕೂತದ್ದು ಬುಗ್ಗೆಯ ಪಕ್ಕದ ಮಡುವಿನ ಹತ್ತಿರ. ಅಲ್ಲಿ ಬೆರಳುದ್ದದ ಮೀನುಗಳಿವೆ. ನಮ್ಮ ಕೆರೆಗಳ ಜಿಲೇಬಿ ಮೀನಿನ ದೂರದ ನೆಂಟ, ಅಲ್ಕೊಲಾಪಿಯಾ ಗ್ರಹಾಮಿ ಎಂದು ವಿಜ್ಞಾನದ ಹೆಸರು. ಸುಮಾರು 42 ಡಿಗ್ರಿ ಬಿಸಿಯಲ್ಲೂ ಈಜುತ್ತದೆ. ಸಾಮಾನ್ಯ ಮೀನುಗಳು ಮೈಯ ಕಸವನ್ನು ಅಮೋನಿಯಾ ರೂಪದಲ್ಲಿ ಕಿವಿರಿನಿಂದ ಹೊರಹಾಕುತ್ತವೆ. ಇಷ್ಟು ಕ್ಷಾರದ ನೀರಿನಲ್ಲಿ ಅಮೋನಿಯಾ ಹೊರಹೋಗದೆ ಮೀನನ್ನೇ ಕೊಲ್ಲುತ್ತದೆ. ಹಾಗಾಗಿ ಇದು ನಮ್ಮ ನಿಮ್ಮಂತೆ ಯೂರಿಯಾ ಮಾಡಿ ಹೊರಹಾಕುತ್ತದೆ. ಗಮನವಿಟ್ಟು ನೋಡಿದರೆ ಬುಗ್ಗೆಯ ಬಾಯಿಯ ಸಮೀಪ ಕಲ್ಲಿನ ಮೇಲೆ ಪಾಚಿ ದಟ್ಟವಾಗಿ ಉಳಿದಿದೆ, ಸ್ವಲ್ಪ ಈಚೆಗೆ ಕೆರೆದು ನುಣ್ಣಗಾಗಿದೆ. ನಡುವೆ ಬಳಪದಲ್ಲಿ ಎಳೆದಷ್ಟು ಖಚಿತವಾದ ಗೆರೆ. ಮೀನುಗಳು ಆ ಗೆರೆಯವರೆಗೆ ಬಂದು ಮೇಯುತ್ತವೆ, ದಾಟುವುದಿಲ್ಲ. ಒಂದೆರಡು ಚುರುಕಾಗಿ ನುಗ್ಗಿ, ಒಂದು ಬಾಯಿ ಪಾಚಿ ಕಿತ್ತು, ತಕ್ಷಣ ತಿರುಗಿ ಓಡಿದವು. ಅದರಾಚೆ ನೀರು ಅವಕ್ಕೂ ಸುಡುತ್ತದೆ. ಕೆಲವು ಬುಗ್ಗೆಗಳಲ್ಲಿ 80 ಡಿಗ್ರಿ ದಾಟುತ್ತದೆ, ಮಕ್ಕಳ ಕೈ ಬಿಡಬೇಡಿ. ಪ್ರವಾಸಿಗರು ಇಳಿಯುವ ಮಡುವನ್ನು ಮಾರ್ಗದರ್ಶಕ ತೋರಿಸುತ್ತಾನೆ. ಬೇರೆಡೆ ಇಳಿಯಬಾರದು. ಇಳಿದವರು ಮೈ ತೊಳೆಯಲು ಸಿಹಿನೀರನ್ನು ಜೊತೆಯಲ್ಲೇ ಒಯ್ದಿರಬೇಕು.

ಫ್ಲೆಮಿಂಗೊಗಳು ಆ ದಿನ ನಡುನೀರಿನಲ್ಲಿದ್ದವು, ದುರ್ಬೀನು ಇದ್ದುದರಿಂದ ಬಚಾವ್. ಅವುಗಳ ಮುಖ್ಯ ಹೆರಿಗೆಮನೆ ಗಡಿಯಾಚೆಗಿನ ತಾಂಜಾನಿಯಾದ ನೇಟ್ರಾನ್ ಸರೋವರ. 1962ರಲ್ಲಿ ಅಲ್ಲಿ ನೀರು ಏರಿದಾಗ ಹಕ್ಕಿಗಳು ಮಗಾಡಿಗೆ ಬಂದು ಗೂಡು ಕಟ್ಟಿದವು. ಇಲ್ಲಿಯ ಸೋಡಾ ಮರಿಗಳ ಕಾಲಿಗೆ ಕಡಗದಂತೆ ಗಟ್ಟಿಕಟ್ಟಿ ನಡೆಯಲಾಗದೆ ಸಾಯತೊಡಗಿದಾಗ, ಜನ ಕೆಸರಿಗಿಳಿದು ಅವನ್ನು ಒಡೆದು ಸಾವಿರಾರು ಮರಿಗಳನ್ನು ಉಳಿಸಿದರು. ಆ ಕೆಸರನ್ನೂ ಬಿಸಿಲನ್ನೂ ಕಣ್ಣಾರೆ ಕಂಡ ಮೇಲೆ ಅದೆಂಥ ಕೆಲಸ ಎಂದು ಗೊತ್ತಾಗುತ್ತದೆ. ಅಂದಹಾಗೆ, ಮಗಾಡಿಯ ಜೊತೆಗೆ ನೇಟ್ರಾನನ್ನೂ ಅದೇ ದಿನ ನೋಡಿಬಿಡೋಣ ಎಂದುಕೊಳ್ಳಬೇಡಿ. ಹತ್ತಿರದಲ್ಲೇ ಇದ್ದರೂ ಅದು ತಾಂಜಾನಿಯಾದ ಅರುಷಾ ನಗರದ ಕಡೆಯಿಂದ ಮಾಡಬೇಕಾದ ಬೇರೆಯೇ ಪ್ರಯಾಣ.

ನೀರು ತಲೆಗೆ ನಾಲ್ಕು ಲೀಟರಿಗೆ ಕಡಿಮೆ ಬೇಡ, ಜೊತೆಗೆ ಓಆರ್‌ಎಸ್ ಪೊಟ್ಟಣ. ಊರಿನ ಸಣ್ಣ ಹೋಟೆಲುಗಳಲ್ಲಿ ಸುಟ್ಟ ಮೇಕೆ ಮಾಂಸ, ಉಗಾಲಿ ಮುದ್ದೆ, ಸುಕುಮಾ ಸೊಪ್ಪಿನ ಪಲ್ಯ ಸಿಗುತ್ತವೆ. ಸಸ್ಯಾಹಾರಿಗಳಿಗೆ ಚಪಾತಿ ಮತ್ತು ಹೆಸರುಕಾಳಿನ ಸಾರು ಕೈಬಿಡುವುದಿಲ್ಲ, ಆದರೆ ಹೋಗುವಾಗಲೇ ಹೇಳಿ ಹೋದರೆ ಬರುವಷ್ಟರಲ್ಲಿ ಸಿದ್ಧವಾಗಿರುತ್ತದೆ. ಬುತ್ತಿ ಕಟ್ಟಿಕೊಂಡು ಹೋಗುವವರು ಪ್ಲಾಸ್ಟಿಕ್ ಕೈಚೀಲ ಬಳಸಬೇಡಿ. 2017ರಿಂದ ಕೀನ್ಯಾದಲ್ಲಿ ಅದು ನಿಷಿದ್ಧ, ದಂಡ ದೊಡ್ಡದು. ಮಣಿಸರ ಮಾರುವ ಮಾಸಾಯಿ ಹೆಂಗಸರು ಗಾಡಿ ನಿಲ್ಲಿಸಿದ ಕೂಡಲೇ ಸುತ್ತುವರಿಯುತ್ತಾರೆ. ಕೊಳ್ಳಿ, ಬಿಡಿ, ನಿಮ್ಮಿಷ್ಟ. ಕೇಳದೆ ಅವರ ಫೋಟೊ ಮಾತ್ರ ತೆಗೆಯಬೇಡಿ.

ಕರ್ನಾಟಕದಿಂದ ಹೊರಡುವವರಿಗೆ ಒಂದು ಮಾತು. 2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾದ ಬದಲು ಇಟಿಎ ಎಂಬ ಅನುಮತಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ಪಡೆಯಬೇಕು. ಅದಕ್ಕಿಂತ ಮುಖ್ಯ ಹಳದಿ ಜ್ವರದ ಲಸಿಕೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಅದಿಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಿಂದಲೇ ನೇರ ಪ್ರತ್ಯೇಕ ವಾಸಕ್ಕೆ ಕಳುಹಿಸಬಹುದು, ಆರು ದಿನದವರೆಗೆ. ಟಿಕೆಟ್ ಮಾಡಿಸುವ ಮೊದಲೇ ಲಸಿಕೆಯ ದಿನ ಗೊತ್ತುಮಾಡಿಕೊಳ್ಳಿ.

ಮಗಾಡಿಯಿಂದ ಮಧ್ಯಾಹ್ನ ಎರಡರೊಳಗೆ ಹೊರಟರೆ ಒಲೊರ್ಗೆಸೈಲಿಯಲ್ಲಿ ಒಂದು ಗಂಟೆ ಕಳೆದೂ ಬೆಳಕಿರುವಾಗಲೇ ಕಿಸೇರಿಯನ್ ಮುಟ್ಟಬಹುದು. ಸಮಭಾಜಕದ ಸಮೀಪವಾದ್ದರಿಂದ ವರ್ಷವಿಡೀ ಆರೂವರೆಯ ಹೊತ್ತಿಗೆ ಕತ್ತಲು, ದನಕರುಗಳಿರುವ ರಸ್ತೆಯಲ್ಲಿ ಆಗ ಗಾಡಿ ಓಡಿಸುವುದು ಕ್ಷೇಮವಲ್ಲ. ರೊಂಗೈನ ಸಂಜೆ ಟ್ರಾಫಿಕ್ ಬಗ್ಗೆ ಬೆಂಗಳೂರಿನವರಿಗೆ ಏನೂ ಹೇಳಬೇಕಿಲ್ಲ. ಬೂಟು, ಕ್ಯಾಮೆರಾ ಸ್ಟ್ಯಾಂಡಿನ ಕಾಲು ಇತ್ಯಾದಿಗಳನ್ನು ಅದೇ ರಾತ್ರಿ ನೀರಿನಲ್ಲಿ ತೊಳೆಯಿರಿ. ಗಾಡಿಯ ಅಡಿಭಾಗಕ್ಕೂ ಮರುದಿನ ನೀರು ಹೊಡೆಸಿ, ಬಾಡಿಗೆಯವರಿಗೆ ಒಪ್ಪಿಸುವ ಮೊದಲೇ. ಸೋಡಾ ಹಿಡಿದ ಚಕ್ರ ನೋಡಿದರೆ ಅವರು ಮುಂಗಡ ಹಿಂತಿರುಗಿಸಲು ತಕರಾರು ತೆಗೆಯುತ್ತಾರೆ.