ಹಿಮದ ದಾರಿ ಸಾರಿಸುವವರು

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಈಗಲ್ ರಿವರ್‌ಗೆ ನಾನು ಹೋಗಿದ್ದು ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಗಾಡಿ, ಓಡಿಸಲಿಕ್ಕಲ್ಲ. ಮಿಲ್ವಾಕಿಯಲ್ಲಿ ಆಫೀಸು, ಮನೆ, ಮತ್ತೆ ಆಫೀಸು ಅಂತ ತಿರುಗಿ ತಲೆ ಕೆಟ್ಟಿತ್ತು. ಎರಡು ದಿನ ಸುಮ್ನೆ ಎಲ್ಲಾದರೂ ಕೂತಿರೋಣ ಅಂತ 45ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟೆ. 2025ರ ಫೆಬ್ರವರಿ, ಶುಕ್ರವಾರ. ನಾಲ್ಕು ಗಂಟೆಯ ದಾರಿ. ಸದ್ದಿಲ್ಲದ ಜಾಗ ಬೇಕು ಅಂದುಕೊಂಡವನು ಹೋಗಿ ಬಿದ್ದದ್ದು ಎಲ್ಲಿಗೆ ಗೊತ್ತಾ? 'ಜಗತ್ತಿನ ಸ್ನೋಮೊಬೈಲ್ ರಾಜಧಾನಿ' ಅಂತ ತನ್ನನ್ನು ತಾನೇ ಕರೆದುಕೊಳ್ಳುವ ಊರಿಗೆ. ಮೊದಲೇ ಗೂಗಲ್ ಮಾಡಬೇಕಿತ್ತು.

ಮೋಟೆಲಿನ ಮುಂದೆ ಕಾರು ನಿಲ್ಲಿಸಲು ಜಾಗವಿಲ್ಲ. ಎಲ್ಲಿ ನೋಡಿದರೂ ಪಿಕಪ್ಪು, ಅದರ ಹಿಂದೆ ಟ್ರೇಲರು, ಟ್ರೇಲರಿನ ಮೇಲೆ ಎರಡೆರಡು ಸ್ಲೆಡ್ಡು (ಸ್ನೋಮೊಬೈಲಿಗೆ ಇಲ್ಲಿ ಹೀಗೇ ಅನ್ನುತ್ತಾರೆ). ಒಳಗೆ ಕಾರಿಡಾರಿನ ತುಂಬ ಸುಟ್ಟ ಎಂಜಿನ್ ಆಯಿಲ್ ವಾಸನೆ, ಒದ್ದೆ ಗ್ಲೌಸಿನ ವಾಸನೆ. ಹೀಟರಿನ ಪಕ್ಕ ಸಾಲಾಗಿ ಬೂಟುಗಳು ಒಣಗುತ್ತಿದ್ದವು.

ಮೋಟೆಲ್ ಒಬ್ಬ ಗುಜರಾತಿ ಅಂಕಲ್‌ದು. ನನ್ನ ಮುಖ ನೋಡಿದ್ದೇ ಒಳಗಿನಿಂದ ಚಹಾ ಬಂತು. ಚಹಾ ಕುಡಿಯುತ್ತಾ ನಾನು ಬಾಯಿ ಬಿಟ್ಟೆ. "ಒಂದೊಂದು ಸ್ಲೆಡ್ಡಿಗೆ ಹದಿನೈದು ಸಾವಿರ ಡಾಲರ್ ಕೊಡುವವರಿಗೆ ದಾರಿ ಮಾಡಿಕೊಡಲು ಸರ್ಕಾರದ ದುಡ್ಡು ಯಾಕೆ ಅಂಕಲ್? ಶ್ರೀಮಂತರ ಆಟ ಅಲ್ವಾ ಇದು?"

ಅಂಕಲ್ ಏನೂ ಹೇಳಲಿಲ್ಲ. ಕೌಂಟರಿನ ಕೆಳಗಿನಿಂದ ಒಂದು ಹಳೇ ನೋಟ್‌ಬುಕ್ ತೆಗೆದರು. ಕಂಪ್ಯೂಟರ್ ಇದ್ದರೂ ಪೆನ್ಸಿಲಿನಲ್ಲಿ ಲೆಕ್ಕ ಬರೆಯುವ ಮನುಷ್ಯ. 2024ರ ಫೆಬ್ರವರಿ ಪುಟ ತೆರೆದು ನನ್ನ ಕಡೆ ತಿರುಗಿಸಿದರು. ಆ ಚಳಿಗಾಲ ಈ ಭಾಗದಲ್ಲಿ ಹಿಮವೇ ಸರಿಯಾಗಿ ಬೀಳಲಿಲ್ಲ. ಇಡೀ ವಾರಾಂತ್ಯಕ್ಕೆ ಮೂರು ಹೆಸರು. ಕರೆಂಟ್ ಲೈನಿನವನೊಬ್ಬ, ಲಾರಿ ಡ್ರೈವರ್ ಒಬ್ಬ, ಯಾರದೋ ಶವಸಂಸ್ಕಾರಕ್ಕೆ ಬಂದ ಹೆಂಗಸು. ಅಷ್ಟೇ. "ಬೇಸಿಗೆಯಲ್ಲಿ ಕೆರೆ ಇದೆ, ದೋಣಿಯವರು ಬರ್ತಾರೆ. ಚಳಿಗಾಲದಲ್ಲಿ ಇವರು ಬರದಿದ್ದರೆ ಈ ಕೋಣೆಗಳನ್ನು ಬೆಚ್ಚಗಿಡೋ ಗ್ಯಾಸಿನ ಬಿಲ್ಲೂ ಹುಟ್ಟಲ್ಲ ಬೇಟಾ" ಅಂದರು.

ಅಷ್ಟರಲ್ಲಿ ಬಾಗಿಲು ತೆರೆದು ಗಡ್ಡದ ತುಂಬ ಮಂಜು ಕಟ್ಟಿದ್ದ ಮುದುಕರೊಬ್ಬರು ಬಂದರು. ಅಂಕಲ್ ಮಾತಿಲ್ಲದೆ ಒಂದು ಸ್ಟೀಲ್ ಫ್ಲಾಸ್ಕ್ ಮುಂದಿಟ್ಟರು. ಏಲಕ್ಕಿ, ಶುಂಠಿ ಹಾಕಿದ ಚಹಾ. ಊರಿನ ಸ್ನೋಮೊಬೈಲ್ ಕ್ಲಬ್ಬಿನ ಗ್ರೂಮರ್ ಓಡಿಸುವವರಂತೆ, ಮೊದಲು ಸ್ಕೂಲ್ ಬಸ್ ಡ್ರೈವರ್ ಆಗಿದ್ದವರಂತೆ. "ಇವನಿಗೆ ಸರ್ಕಾರದ ದುಡ್ಡು ಎಲ್ಲಿಗೆ ಹೋಗುತ್ತೆ ನೋಡಬೇಕಂತೆ, ಕರ್ಕೊಂಡು ಹೋಗು" ಅಂತ ಅಂಕಲ್ ನನ್ನನ್ನು ಅವರಿಗೆ ಗಂಟು ಹಾಕಿಯೇಬಿಟ್ಟರು.

ಗ್ರೂಮರ್ ಅಂದರೆ ಚಕ್ರದ ಬದಲು ರಬ್ಬರ್ ಪಟ್ಟಿ ಹಾಕಿದ ಟ್ರ್ಯಾಕ್ಟರು. ಹಿಂದೆ ಉದ್ದನೆಯ ಕಬ್ಬಿಣದ ಚೌಕಟ್ಟು, ಅದಕ್ಕೆ ಡ್ರ್ಯಾಗ್ ಅನ್ನುತ್ತಾರೆ. ಸ್ಲೆಡ್ಡುಗಳು ಓಡಿ ಓಡಿ ದಾರಿಯಲ್ಲಿ ಮೊಣಕಾಲೆತ್ತರದ ಗುಂಡಿ ದಿಬ್ಬ ಆಗಿರುತ್ತವೆ. ಡ್ರ್ಯಾಗಿನ ಅಲಗುಗಳು ಆ ದಿಬ್ಬವನ್ನು ಕತ್ತರಿಸಿ, ಹಿಮವನ್ನು ಹೊರಳಿಸಿ ಪುಡಿ ಮಾಡುತ್ತವೆ. ಕೊನೆಯಲ್ಲಿರುವ ಅಗಲ ತಗಡು ಅದನ್ನು ಒತ್ತಿ ಹೋಗುತ್ತದೆ. ತಿರುಗಿ ನೋಡಿದೆ. ಹಿಂದಿನ ಲೈಟಿನ ಬೆಳಕಿನಲ್ಲಿ ದಾರಿ ಸಗಣಿ ಸಾರಿಸಿದ ಅಂಗಳದ ಹಾಗೆ ನುಣ್ಣಗೆ ಬಿದ್ದಿತ್ತು. ಅಮ್ಮನಿಗೆ ತೋರಿಸೋಣ ಅಂತ ಫೋಟೋ ತೆಗೆದೆ. ಬರೀ ಕತ್ತಲೆ ಬಂತು.

ರಾತ್ರಿಯೇ ಯಾಕೆ? ಒತ್ತಿದ ಹಿಮ ಗಟ್ಟಿಯಾಗಲು ಚಳಿ ಬೇಕು, ಮೇಲೆ ಯಾರೂ ಓಡಾಡಬಾರದು. ವೇಗ ಗಂಟೆಗೆ ಹತ್ತು ಕಿಲೋಮೀಟರ್. ನಮ್ಮೂರಲ್ಲಿ ಸೈಕಲ್ಲೇ ಇದಕ್ಕಿಂತ ಜೋರಾಗಿ ಹೋಗುತ್ತದೆ. ಈ ರಾಜ್ಯದಲ್ಲಿ ಇಂಥ ದಾರಿ 25,000 ಮೈಲಿಗಿಂತ ಜಾಸ್ತಿ ಇದೆ. ಅದನ್ನೆಲ್ಲ ನೋಡಿಕೊಳ್ಳುವುದು ಬಹುತೇಕ ಇಂಥ ಊರ ಕ್ಲಬ್ಬುಗಳೇ.

ದುಡ್ಡಿನ ಲೆಕ್ಕ ಕೇಳಿದೆ. ಮುದುಕರು ಸ್ಟೀರಿಂಗ್ ಬಿಡದೆ ಹೇಳಿದರು. ಸ್ಲೆಡ್ಡಿಗೆ ಹಾಕುವ ಪೆಟ್ರೋಲಿಗೂ ಗ್ಯಾಲನ್ನಿಗೆ 30.9 ಸೆಂಟ್ ರಾಜ್ಯದ ತೆರಿಗೆ ಇದೆ. ಆ ತೆರಿಗೆ ಇರುವುದು ರಸ್ತೆಗಾಗಿ. ಆದರೆ ಸ್ಲೆಡ್ಡು ರಸ್ತೆಯಲ್ಲಿ ಓಡುವುದಿಲ್ಲವಲ್ಲ. ಹಾಗಾಗಿ ನೋಂದಾಯಿಸಿದ ಒಂದೊಂದು ಸ್ಲೆಡ್ಡು ವರ್ಷಕ್ಕೆ 50 ಗ್ಯಾಲನ್ ಕುಡಿಯುತ್ತದೆ ಅಂತ ಲೆಕ್ಕ ಹಿಡಿದು, ಆ ತೆರಿಗೆಯನ್ನು ಟ್ರೇಲಿಗೆ, ಅಂದರೆ ಈ ಹಿಮದ ದಾರಿಗೆ, ಕೊಡುತ್ತಾರೆ. ನೋಂದಣಿ ಶುಲ್ಕ, ಟ್ರೇಲ್ ಪಾಸಿನ ದುಡ್ಡು ಇದಕ್ಕೇ ಸೇರುತ್ತದೆ. ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಮೂಲಕ ಕ್ಲಬ್ಬಿಗೆ ಬರುವುದು ಮೈಲಿಗೆ 300 ಡಾಲರ್. ಅದರಲ್ಲೇ ಶರತ್ಕಾಲದಲ್ಲಿ ಕೊಂಬೆ ಕಡಿಯಬೇಕು, ಬೋರ್ಡು ನೆಡಬೇಕು, ಡೀಸೆಲ್ ಹಾಕಬೇಕು. "ನಿಮಗೆ ಸಂಬಳ?" ಅಂದೆ. ಫ್ಲಾಸ್ಕ್ ಎತ್ತಿ ತೋರಿಸಿದರು.

ಅಂದರೆ ನಾನು ಅಂದುಕೊಂಡಷ್ಟು ಪುಕ್ಕಟೆ ದುಡ್ಡಲ್ಲ ಇದು. ಆದರೂ ಪೂರ್ತಿ ಒಪ್ಪಿದೆ ಅಂತಲ್ಲ. ಆ 50 ಗ್ಯಾಲನ್ ಅನ್ನುವುದು ಅಂದಾಜು. ಬಂದ ಮೊತ್ತವನ್ನು ಮತ್ತೆ 1.4ರಿಂದ ಗುಣಿಸುತ್ತಾರಂತೆ. ಅದು ಸ್ವಲ್ಪ ಧಾರಾಳವೇ. ಗಲಾಟೆಯೂ ಕಮ್ಮಿಯಿಲ್ಲ, ಕುಡಿದು ಓಡಿಸಿ ಮರಕ್ಕೆ ಗುದ್ದಿ ಸಾಯುವವರೂ ಇದ್ದಾರೆ. ಇದನ್ನು ಹೇಳಿದಾಗ ಮುದುಕರು ಜಗಳಕ್ಕೆ ಬರಲಿಲ್ಲ. "ಹೌದು, ಅಂಥ ಜಾಗ ಎರಡು ತೋರಿಸ್ತೀನಿ" ಅಂದರು. ತೋರಿಸಿದರು ಕೂಡ.

ಒಂದು ಕಡೆ ಗಾಡಿ ನಿಲ್ಲಿಸಿ ಇಳಿದರು. ಯಾರೋ ದಾರಿ ಬಿಟ್ಟು ಪಕ್ಕದ ಜಮೀನಿಗೆ ನುಗ್ಗಿಸಿದ್ದರು. ಸಣ್ಣ ಕ್ರಿಸ್ಮಸ್ ಗಿಡಗಳು ಎರಡು ಮುರಿದಿದ್ದವು. ಮುರಿದ ಗೂಟ ಕಿತ್ತು ಹೊಸದು ನೆಟ್ಟು, ಕಿತ್ತಳೆ ಬಣ್ಣದ ಫಲಕ ಹೊಡೆದರು. ಇಲ್ಲಿ ಸರ್ಕಾರಿ ಕಾಡು ಬೇಕಾದಷ್ಟಿದೆ. ಆದರೆ ಇಡೀ ರಾಜ್ಯ ತೆಗೆದುಕೊಂಡರೆ ಅರ್ಧಕ್ಕಿಂತ ಜಾಸ್ತಿ ಟ್ರೇಲು ಖಾಸಗಿ ಜಮೀನಿನಲ್ಲೇ ಹೋಗುತ್ತದೆ. ಒಬ್ಬ ರೈತ ಬೇಡ ಅಂದರೆ ದಾರಿ ಅಲ್ಲಿಗೇ ತುಂಡು. "ನಾಳೆ ಬೆಳಿಗ್ಗೆ ಈ ಜಮೀನಿನವನ ಮನೆಗೆ ನಾನೇ ಹೋಗಬೇಕು. ಗಿಡದ ದುಡ್ಡು, ಜೊತೆಗೊಂದು ಕೇಕು" ಅಂದರು. ನನಗೆ ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಉಣುಗೋಲು ನೆನಪಾಯಿತು. ಊರಿನವರೆಲ್ಲ ಅದನ್ನು ಸರಿಸಿಕೊಂಡೇ ಓಡಾಡುತ್ತಿದ್ದರು. ದಾಟಿದವರು ಮತ್ತೆ ಹಾಕದೇ ಹೋಗಿ ದನ ನುಗ್ಗಿದ ದಿನ ಅಜ್ಜನ ಬಾಯಿ ಕೇಳಬೇಕಿತ್ತು.

ದಾರಿಯುದ್ದಕ್ಕೂ ಅವರು ಜಂಬದಿಂದ ಹೇಳಿದ ಒಂದೇ ವಿಷಯ, ಇಲ್ಲೇ ಹತ್ತಿರದ ಸೇನರ್ ಅನ್ನೋ ಹಳ್ಳಿಯ ಕಾರ್ಲ್ ಎಲಿಯಸನ್ ಬಗ್ಗೆ. ಪಾದದ ತೊಂದರೆಯಿಂದ ಆತ ಹಿಮದಲ್ಲಿ ಗೆಳೆಯರ ಜೊತೆ ಬೇಟೆಗೆ ನಡೆಯಲಾಗುತ್ತಿರಲಿಲ್ಲ. 1924ರಲ್ಲಿ ದೋಣಿಯ ಎಂಜಿನ್ನು, ಹಳೇ ಫೋರ್ಡ್ ಕಾರಿನ ಭಾಗ ಸೇರಿಸಿ ಮೋಟಾರಿನ ಜಾರುಬಂಡಿ ಮಾಡಿಕೊಂಡ. ನಡೆಯಲಾಗದವನು ಮಾಡಿಕೊಂಡ ಗಾಡಿ. ನಾನು ಅದನ್ನು ಶ್ರೀಮಂತರ ಆಟ ಅಂದಿದ್ದೆ.

ಎರಡೂವರೆಗೆ ಮೋಟೆಲ್ ಮುಂದೆ ಇಳಿಸಿದರು. ಬೆಳಿಗ್ಗೆ ಎಂಟಕ್ಕೆಲ್ಲ ಕಿವಿಗಡಚಿಕ್ಕುವ ಸದ್ದು ಶುರು. ಕಿಟಕಿಯಿಂದ ನೋಡಿದರೆ ರಾತ್ರಿ ಸಾರಿಸಿದ್ದನ್ನೆಲ್ಲ ಉತ್ತು ಹಾಕುತ್ತಾ ಸಾಲು ಸಾಲು ಸ್ಲೆಡ್ಡು ಹೋಗುತ್ತಿವೆ. ನನಗೇ ಹೊಟ್ಟೆ ಉರಿಯಿತು. ಕೆಳಗೆ ಅಂಕಲ್ ಮಾತ್ರ ಹಾಡು ಗುನುಗುತ್ತಾ ಪೆನ್ಸಿಲ್ ಕೆತ್ತುತ್ತಿದ್ದರು.

ಭಾನುವಾರ ಮಿಲ್ವಾಕಿಗೆ ಬಂದು ಬ್ಯಾಗ್ ತೆರೆದರೆ ಸ್ಟೀಲ್ ಫ್ಲಾಸ್ಕ್! ಗ್ರೂಮರಿನಿಂದ ಇಳಿಯುವಾಗ ನಾನೇ ಎತ್ತಿಕೊಂಡು ಬಂದಿದ್ದೆ. ಫೋನ್ ಮಾಡಿ ಕೊರಿಯರ್ ಮಾಡ್ತೀನಿ ಅಂದೆ.

"ಬೇಡ, ಮುಂದಿನ ಡಿಸೆಂಬರಿಗೆ ನೀನೇ ತಗೊಂಡು ಬಾ" ಅಂದರು ಅಂಕಲ್. ಸ್ವಲ್ಪ ತಡೆದು, "ಹಿಮ ಬಿದ್ದರೆ" ಅಂದರು.