ಹಸಿರು ಕಾಯಿಗೆ ದಂಡ ಹಾಕಿದ ವರ್ಷ

ಸುಂಟಿಕೊಪ್ಪದ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ಮ್ಯಾನೇಜರ್. ಅದಕ್ಕೂ ಮೊದಲು ಅಲ್ಲೇ ರೈಟರ್ ಆಗಿದ್ದೆ. ಬೆಳಿಗ್ಗೆ ಮಸ್ಟರ್, ಅಂದರೆ ಆಳುಗಳ ಹಾಜರಿ ಬರೆಯುವುದು, ಸಂಜೆ ತೂಕ ನೋಡುವುದು, ವಾರಕ್ಕೊಮ್ಮೆ ಬಟವಾಡೆ. ರಾತ್ರಿ ಹೊತ್ತು ಓದಿ ದೂರಶಿಕ್ಷಣದಲ್ಲಿ ಎಂಬಿಎ ಮುಗಿಸಿದೆ. ಅದೇ ವರ್ಷ ಹಳೆಯ ಮ್ಯಾನೇಜರ್ ನಿವೃತ್ತರಾದರು, ಸಾಹುಕಾರರು ನನ್ನನ್ನು ಅವರ ಕುರ್ಚಿಯಲ್ಲಿ ಕೂರಿಸಿದರು. ಓದಿದ್ದನ್ನೆಲ್ಲ ತೋಟದಲ್ಲಿ ಮಾಡಿ ತೋರಿಸಬೇಕು ಅಂತ ಕೈ ತುರಿಸುತ್ತಿತ್ತು.

ಕೊಡಗಿನಲ್ಲಿ ಕೊಯ್ಲಿನ ಕಾಲಕ್ಕೆ ಜನ ಸಿಗುವುದು ಎಷ್ಟು ಕಷ್ಟ ಅಂತ ತೋಟ ಇದ್ದವರಿಗೆಲ್ಲ ಗೊತ್ತು. ತೋಟದ ಲೈನ್ ಮನೆಗಳಲ್ಲೇ ಇರುವ ಕೂಲಿಯವರು ಸಾಲುವುದಿಲ್ಲ. ಅಸ್ಸಾಂನಿಂದ ಬಂದವರನ್ನು ಪಕ್ಕದ ತೋಟದವರು ಜಾಸ್ತಿ ಕೂಲಿ ಕೊಟ್ಟು ಕರೆದುಕೊಂಡು ಹೋಗುತ್ತಾರೆ. ಅರೇಬಿಕಾ ಅನ್ನುವ ಜಾತಿಯ ಕಾಫಿ ಹಣ್ಣು ನಮಗಾಗಿ ಕಾಯುವುದಿಲ್ಲ, ಕಳಿತರೆ ಉದುರುತ್ತದೆ. ಇದ್ದ ಜನರಿಂದಲೇ ಬೇಗ ಕೊಯ್ಯಿಸಬೇಕು. ಆದರೆ ದಿನಗೂಲಿಯವರಿಗೆ ಏನು ಅವಸರ?

ಆಗ ನನಗೆ ಒಂದು ಸಂಶೋಧನೆ ನೆನಪಾಯಿತು. ಓರಿಯಾನಾ ಬಂಡಿಯೆರಾ, ಇವಾನ್ ಬಾರಾಂಕೈ, ಇಮ್ರಾನ್ ರಸೂಲ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ಬ್ರಿಟನ್ನಿನ ಒಂದು ಹಣ್ಣಿನ ತೋಟದಲ್ಲಿ ಮಾಡಿದ್ದು, 2005ರಲ್ಲಿ ಪ್ರಕಟವಾಗಿದ್ದು. ಅಲ್ಲಿ ಕೂಲಿ ಲೆಕ್ಕ ಬದಲಾಯಿಸಿ, ಕಿಲೋಗೆ ಇಷ್ಟು ಅಂತ ಮಾಡಿದಾಗ ಅದೇ ಜನ ಶೇಕಡಾ 50ಕ್ಕಿಂತ ಕಡಿಮೆಯಿಲ್ಲದಷ್ಟು ಜಾಸ್ತಿ ಕೊಯ್ದರು. ತೋಟ, ಹಣ್ಣು, ಕೂಲಿ. ನಮಗೋಸ್ಕರವೇ ಬರೆದ ಹಾಗಿತ್ತು. ಸಾಹುಕಾರರ ಮುಂದೆ ಕಾಗದ ಹರಡಿ ವಿವರಿಸಿದೆ. ಅವರಿಗೆ 50 ಅನ್ನುವುದು ಮಾತ್ರ ಕೇಳಿಸಿತು. ನಿಜ ಹೇಳಬೇಕೆಂದರೆ ನನಗೂ ಅಷ್ಟೇ.

ಕಿಲೋ ಲೆಕ್ಕ ಶುರುವಾಯಿತು. ಮೊದಲ ವಾರ ಚೀಲಗಳು ತುಂಬಿ ತುಳುಕಿದವು. ಕತ್ತಲಾದರೂ ತೂಕ ಮುಗಿಯುತ್ತಿರಲಿಲ್ಲ. ಎರಡನೇ ವಾರ ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಹತ್ತಿರ ಇದ್ದ ಹುಡುಗ ಕರೆದ. ತೊಟ್ಟಿಯಲ್ಲಿ ಕೆಂಪಿಗಿಂತ ಹಸಿರೇ ಕಣ್ಣಿಗೆ ಹೊಡೆಯುತ್ತಿತ್ತು. ಹಸಿರು ಕಾಯಿಯ ಸಿಪ್ಪೆ ಪಲ್ಪರ್‌ನಲ್ಲಿ ಸರಿಯಾಗಿ ಬಿಡುವುದಿಲ್ಲ. ಅದು ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿದ ಬೀಜದ ಜೊತೆ ಸೇರಿಕೊಂಡರೆ ಕಪ್‌ನಲ್ಲಿ ಒಗರು ಬರುತ್ತದೆ, ರೇಟು ಬೀಳುತ್ತದೆ. ಗಿಡ ನೋಡಿದರೆ ಇನ್ನೂ ಬೇಜಾರು. ಗೊಂಚಲಿನ ಹಣ್ಣನ್ನು ಒಂದೊಂದಾಗಿ ಆರಿಸದೆ ರೆಕ್ಕೆಯನ್ನೇ, ಅಂದರೆ ಗಿಡದ ಪಕ್ಕದ ಕೊಂಬೆಯನ್ನೇ ಹಿಡಿದು ಎಳೆದಿದ್ದರು. ಮುಂದಿನ ವರ್ಷದ ಫಸಲು ಬರಬೇಕಾದ ರೆಕ್ಕೆ ಅದು.

ನಾನು ಏನು ಮಾಡಿದೆ? ದಂಡ ಹಾಕಿದೆ. ಹಸಿರು ಜಾಸ್ತಿ ಕಂಡ ಚೀಲಕ್ಕೆ ಹತ್ತು ರೂಪಾಯಿ ಕಟ್. ಮೂರು ದಿನ ಸ್ವಲ್ಪ ಸುಧಾರಿಸಿತು, ಆಮೇಲೆ ಮೊದಲಿಗಿಂತ ಕೆಟ್ಟಿತು. ಒಂದು ಸಂಜೆ ತೂಕದ ಹತ್ತಿರ ಲೈನ್ ಮನೆಯ ಅಜ್ಜಿಯೊಬ್ಬರಿಗೆ ಗದರಿದೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದರು, "ಹಸಿರಿಗೆ ನೀವು ದುಡ್ಡು ಹಿಡೀತೀರಲ್ಲ ಸಾರ್. ಹಿಡಿದ ಮೇಲೆ ಮುಗೀತಲ್ವಾ? ಮತ್ತೆ ಬೈಯೋದು ಯಾಕೆ?"

ನನ್ನ ಬಾಯಿ ಕಟ್ಟಿಹೋಯಿತು. ಯಾಕೆಂದರೆ ಇದನ್ನೂ ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ! ಇಸ್ರೇಲಿನ ಹೈಫಾ ಊರಿನ 10 ಶಿಶುವಿಹಾರಗಳಲ್ಲಿ ಯೂರಿ ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಅನ್ನುವ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ ಅದು, ಪ್ರಕಟವಾಗಿದ್ದು 2000ದಲ್ಲಿ. ಮಕ್ಕಳನ್ನು ಕರೆದುಕೊಂಡು ಹೋಗಲು ಅಪ್ಪ ಅಮ್ಮ ತಡವಾಗಿ ಬರುತ್ತಿದ್ದರು. ಆರು ಕಡೆ, ಹತ್ತು ನಿಮಿಷಕ್ಕಿಂತ ತಡವಾದರೆ 10 ಶೆಕೆಲ್ (ಅಲ್ಲಿನ ನಾಣ್ಯ) ದಂಡ ಅಂತ ಮಾಡಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಮ್ಮಿ ಎರಡರಷ್ಟಾದರು. ಮೊದಲು ಟೀಚರ್ ಮುಂದೆ ನಾಚಿಕೆಯಾಗುತ್ತಿತ್ತು. ಈಗ ದುಡ್ಡು ಕೊಟ್ಟಾಯಿತಲ್ಲ, ನಾಚಿಕೆ ಯಾಕೆ? ದಂಡ ಅನ್ನುವುದು ಬೆಲೆಯಾಗಿಬಿಟ್ಟಿತ್ತು. ಅಜ್ಜಿ ಹೇಳಿದ್ದೂ ಅದನ್ನೇ. ಹಸಿರು ಕಾಯಿ ಕೊಯ್ಯುವುದಕ್ಕೆ ನಾನೇ ಹತ್ತು ರೂಪಾಯಿ ಟಿಕೆಟ್ ಕೊಟ್ಟಿದ್ದೆ.

ಆ ರಾತ್ರಿ ಹಣ್ಣಿನ ತೋಟದ ಸಂಶೋಧನೆಯನ್ನು ಮತ್ತೆ ತೆಗೆದು ಓದಿದೆ. ಈ ಸಲ ನಿಧಾನವಾಗಿ. ಬ್ರಿಟನ್ನಿನ ತೋಟದಲ್ಲಿ ಮೊದಲು ಇದ್ದದ್ದು ನಮ್ಮಂಥ ದಿನಗೂಲಿಯೇ ಅಲ್ಲ. ಆ ದಿನ ಎಲ್ಲರೂ ಸರಾಸರಿ ಎಷ್ಟು ಕೊಯ್ದರು ಅನ್ನುವುದರ ಮೇಲೆ ಕಿಲೋ ರೇಟು ನಿಲ್ಲುತ್ತಿತ್ತು. ಒಬ್ಬ ಜೋರಾಗಿ ಕೊಯ್ದರೆ ಪಕ್ಕದವನ ರೇಟು ಇಳಿಯುತ್ತದೆ. ಹಾಗಾಗಿ ಗೆಳೆಯರು ಪಕ್ಕದಲ್ಲಿದ್ದರೆ ಜನ ಕೈ ನಿಧಾನ ಮಾಡುತ್ತಿದ್ದರು. ಅದರಲ್ಲೂ ಒಂದು ಮಜಾ ಇದೆ. ಗಿಡ ಎತ್ತರವಾಗಿ ಒಬ್ಬರಿಗೊಬ್ಬರು ಕಾಣದ ಕಡೆ ಈ ಸಂಕೋಚ ಇರಲಿಲ್ಲ! ಅಂದರೆ ಆ 50 ಅನ್ನುವುದು ಒಂದು ವಿಚಿತ್ರ ಕೂಲಿ ಪದ್ಧತಿ ಬಿಟ್ಟಿದ್ದಕ್ಕೆ ಸಿಕ್ಕಿದ್ದು. ಮೇಲಾಗಿ ಅಲ್ಲಿ ಹಣ್ಣು ಹೇಗೆ ಕೊಯ್ಯುತ್ತಾರೆ ಅಂತ ನೋಡಲು ಸಾಲಿನಲ್ಲೇ ಜನ ಇದ್ದರು. ನಾನು ಸಂಜೆ ತಕ್ಕಡಿ ಪಕ್ಕ ಮಾತ್ರ ಇದ್ದೆ.

ಬೆಂಗ್ಟ್ ಹೋಮ್‌ಸ್ಟ್ರಮ್ ಮತ್ತು ಪಾಲ್ ಮಿಲ್‌ಗ್ರಮ್ ಅನ್ನುವ ಅರ್ಥಶಾಸ್ತ್ರಜ್ಞರು 1991ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಒಂದು ಕೆಲಸಕ್ಕೆ ಎರಡು ಮುಖ ಇದ್ದು, ಒಂದನ್ನು ಮಾತ್ರ ಅಳೆದು ದುಡ್ಡು ಕೊಟ್ಟರೆ, ಅಳೆಯದ ಮುಖ ಕೆಡುತ್ತದೆ. ಅಂಥ ಕಡೆ ಸುಮ್ನೆ ನಿಗದಿ ಕೂಲಿ ಕೊಡುವುದೇ ವಾಸಿಯಾಗಬಹುದು. ತಕ್ಕಡಿಗೆ ಕಿಲೋ ಕಾಣುತ್ತದೆ, ಮುರಿದ ರೆಕ್ಕೆ ಕಾಣುವುದಿಲ್ಲ.

ದಂಡ ತೆಗೆದೆ. ಅರೇಬಿಕಾಗೆ ಮತ್ತೆ ದಿನಗೂಲಿ. ಮೇಸ್ತ್ರಿ ಸಂಜೆಯ ಬದಲು ಬೆಳಿಗ್ಗೆಯೇ ಸಾಲಿಗೆ ಹೋಗಿ, ಪ್ರತಿಯೊಬ್ಬರ ಚೀಲದಿಂದ ಒಂದು ಹಿಡಿ ತೆಗೆದು ಅಲ್ಲೇ ತೋರಿಸಿ ಮಾತಾಡುವ ಹಾಗೆ ಮಾಡಿದೆ. ಇನ್ನೊಂದು ಜಾತಿಯ ಕಾಫಿ ರೊಬಸ್ಟಾಗೆ ಕಿಲೋ ಲೆಕ್ಕ ಉಳಿಸಿಕೊಂಡೆ. ಅದು ಹಣ್ಣಾದರೂ ಗಿಡದಲ್ಲೇ ನಿಲ್ಲುತ್ತದೆ. ಪೂರ್ತಿ ಹಣ್ಣಾದ ಮೇಲೆ ಒಟ್ಟಿಗೆ ಕೊಯ್ದು, ಸಿಪ್ಪೆ ಬಿಡಿಸದೆ ಚೆರಿಯಾಗಿಯೇ ಕಣದಲ್ಲಿ ಒಣಗಿಸುತ್ತೇವೆ.

ಇದನ್ನೆಲ್ಲ ದೊಡ್ಡ ಉಪಾಯದ ಹಾಗೆ ಮೇಸ್ತ್ರಿಗೆ ಹೇಳಿದಾಗ ಅವರು ಆಫೀಸಿನ ಅಟ್ಟದಿಂದ ಹಳೆಯ ಮ್ಯಾನೇಜರ್ ಕಾಲದ ಪುಸ್ತಕ ಇಳಿಸಿದರು. ಧೂಳು ಕೊಡವಿ ಒಂದು ಪುಟ ತೆರೆದರು. ಅರೇಬಿಕಾ ದಿನಗೂಲಿ, ರೊಬಸ್ಟಾ ಕಿಲೋ. ನಾನೇ ರೈಟರ್ ಆಗಿದ್ದಾಗಿನ ಪುಟ, ನನ್ನದೇ ಅಕ್ಷರ. ಯಾಕೆ ಹಾಗೆ ಅಂತ ಅಷ್ಟು ವರ್ಷ ಕೇಳಿರಲೇ ಇಲ್ಲ.

ಅವಮಾನ ಮುಚ್ಚಿಕೊಳ್ಳಲು ಮೇಸ್ತ್ರಿಗೆ ಹೈಫಾದ ಕಥೆ ಹೇಳಿದೆ. ದಂಡ ತೆಗೆದ ಮೇಲೂ ಅಲ್ಲಿನ ಜನ ತಡವಾಗಿಯೇ ಬರುತ್ತಿದ್ದರು ಅಂದೆ. ಅವರು ನಗಲಿಲ್ಲ. "ಹಾಗಾದ್ರೆ ನಮ್ಮದು ಮುಂದಿನ ವರ್ಷ ನೋಡಬೇಕು ಸಾರ್" ಅಂದರು.

ಮುಂದಿನ ಡಿಸೆಂಬರ್‌ನಲ್ಲಿ ನೋಡಿದೆವು. ದಂಡ ಇರಲಿಲ್ಲ, ಅರೇಬಿಕಾಗೆ ಕಿಲೋ ಲೆಕ್ಕವೂ ಇರಲಿಲ್ಲ. ಮೊದಲ ವಾರದ ಚೀಲಗಳಲ್ಲಿ ಹಸಿರು ಇತ್ತು.