ನಾಲ್ಕು ಕಂಬ ದೂರ

ಜಿಂಕೆ ನೋಡಬೇಕು ಅಂತಲೇ ವಿಸ್ಕಾನ್ಸಿನ್‌ಗೆ ಹೋಗಿದ್ದೆ. ನಾಲ್ಕು ದಿನದಲ್ಲಿ ಕಣ್ಣಾರೆ ಕಂಡಿದ್ದು ಬರೀ ಮೂರು. ಅದರಲ್ಲಿ ಎರಡು ಹೈವೇ ಪಕ್ಕ ಸತ್ತು ಬಿದ್ದಿದ್ದವು. ಮೂರನೆಯದರ ವಿಷಯ ಆಮೇಲೆ. ಈಗ ಬರೆಯೋಕೆ ಕೂತಿರೋದು ನಾನು ನೋಡದೇ ಹೋದ ಒಂದು ಜಿಂಕೆಯ ಬಗ್ಗೆ.

ನಾನಿರೋದು ಶಿಕಾಗೋ ಹತ್ತಿರದ ಒಂದು ಊರಲ್ಲಿ. ಆಫೀಸಲ್ಲಿ ಪಕ್ಕದ ಸೀಟಿನ ಗೆಳೆಯನ ಅಪ್ಪನಿಗೆ ವಿಸ್ಕಾನ್ಸಿನ್‌ನ ನೈಋತ್ಯ ಮೂಲೆಯಲ್ಲಿ 80 ಎಕರೆ ಜಮೀನಿದೆ. ಅರ್ಧ ಹೊಲ, ಅರ್ಧ ಕಾಡು. ಅಲ್ಲಿ ಜಮೀನನ್ನು ನಲವತ್ತರ ಲೆಕ್ಕದಲ್ಲಿ ಹೇಳುತ್ತಾರೆ, ಮನೆ ಹಿಂದಿನ ತುಂಡಿಗೆ 'ಬ್ಯಾಕ್ ಫಾರ್ಟಿ' ಅಂತ ಹೆಸರು. ನವೆಂಬರ್ ಶುರುವಾದರೆ ಗೆಳೆಯ ಆಫೀಸಲ್ಲಿ ಇರೋದು ಮೈ ಮಾತ್ರ. ಕೋವಿ ಬೇಟೆ ಶುರುವಾಗೋದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ, ಒಟ್ಟು ಒಂಬತ್ತೇ ದಿನ. ಅದಕ್ಕೂ ಮುಂಚೆ ಬಿಲ್ಲು ಬಾಣದ ಬೇಟೆ ನಡೆಯುತ್ತಾ ಇರುತ್ತದೆ. "ಕ್ಯಾಮೆರಾ ಬ್ಯಾಟರಿ ಬದಲಾಯಿಸೋಕೆ ಒಬ್ಬ ಬೇಕು, ಬರ್ತೀಯಾ?" ಅಂದ. ಹೊರಟೆ.

ಮ್ಯಾಡಿಸನ್ ದಾಟಿ 14ನೇ ಹೈವೇ ಹಿಡಿದ ಮೇಲೆ ನೆಲ ಏಳೋಕೆ ಶುರುವಾಗುತ್ತದೆ. ಅಮೆರಿಕದ ಈ ಭಾಗವನ್ನೆಲ್ಲ ಹಿಮಯುಗದ ಹಿಮಗಡ್ಡೆ ಉಜ್ಜಿ ಚಪಾತಿ ಮಾಡಿ ಹೋಗಿದೆ, ಇದೊಂದು ಮೂಲೆಗೆ ಮಾತ್ರ ಅದು ಬರಲೇ ಇಲ್ಲ. ಹಾಗಾಗಿ ಗುಡ್ಡ, ಕಣಿವೆ, ತಿರುವು. ನನಗೆ ಘಾಟಿ ರಸ್ತೆ ನೆನಪಾಗಿ ಸುಮ್ನೆ ಖುಷಿಯಾಯಿತು. ಸ್ಪ್ರಿಂಗ್ ಗ್ರೀನ್ ಹತ್ತಿರ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಪ್ರಸಿದ್ಧ ಮನೆ ಇದೆ. ನಾವು ನಿಲ್ಲಿಸಲಿಲ್ಲ, ನಿಲ್ಲಿಸಿದ್ದು ಚೀಸ್ ಅಂಗಡಿ ಹತ್ತಿರ. ಅಲ್ಲಿ ಹೊಸ ಚೀಸ್‌ನ ತುಣುಕು ಸಿಗುತ್ತದೆ, ಹಲ್ಲಿಗೆ ಸಿಕ್ಕಿದರೆ ಕೀಚ್ ಕೀಚ್ ಅನ್ನುತ್ತದೆ. ಒಂದು ದಿನ ಬಿಟ್ಟರೆ ಆ ಸದ್ದೂ ಇಲ್ಲ, ಆ ರುಚಿಯೂ ಇಲ್ಲ. ಪೊಟ್ಟಣ ಕಾರಲ್ಲೇ ಖಾಲಿಯಾಯಿತು.

ರಸ್ತೆ ಬದಿಯಲ್ಲಿ ಇನ್ನೊಂದು ಕಂಡಿದ್ದು ಹೇಳದೇ ಇರೋಕಾಗಲ್ಲ. ಜಿಂಕೆಯ ತಲೆ ಹಾಕುವ ಡಬ್ಬ. ನಿಜವಾಗಿ. ಅಲ್ಲಿನ ಜಿಂಕೆಗಳಿಗೆ ಮಿದುಳು ತಿನ್ನುವ ಒಂದು ರೋಗ ಬಂದಿದೆ, ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಮೊದಲು ಪತ್ತೆಯಾಯಿತು, ಮದ್ದಿಲ್ಲ. ಹೊಡೆದವರು ತಲೆ ತಂದು ಡಬ್ಬದಲ್ಲಿಟ್ಟು ಚೀಟಿ ಬರೆದು ಹೋಗುತ್ತಾರೆ, ಪರೀಕ್ಷೆಯ ಫಲಿತಾಂಶ ಬರೋವರೆಗೆ ಮಾಂಸ ಫ್ರೀಜರ್‌ನಲ್ಲಿ ಕಾಯುತ್ತದೆ. ಗೆಳೆಯ ಇದನ್ನು ಪೋಸ್ಟ್ ಡಬ್ಬದ ವಿಷಯ ಹೇಳಿದ ಹಾಗೆ ಹೇಳಿದ.

ಅವನ ಅಪ್ಪನನ್ನು ಇಲ್ಲಿ ಯಜಮಾನರು ಅಂತಲೇ ಕರೆಯುತ್ತೇನೆ. ಅಲ್ಲಿ ಅವರು ಹೆಸರು ಹಿಡಿದು ಕರೆ ಅಂದರು. ಎಪ್ಪತ್ತೈದು ದಾಟಿದವರನ್ನು ಹೆಸರು ಹಿಡಿದು ಕರೆಯೋಕೆ ನನ್ನ ನಾಲಿಗೆ ಏಳಲಿಲ್ಲ, ನಾಲ್ಕೂ ದಿನ ಸರ್ ಅಂದೆ. ಮಂಡಿ ನೋವಿನಿಂದ ಅವರು ಈಗ ಬೇಟೆಗೆ ಮರದ ಮೇಲಿನ ಅಟ್ಟಣೆ ಹತ್ತೋದು ಬಿಟ್ಟಿದ್ದಾರೆ. ಅದರ ಬದಲು ಅಡುಗೆಮನೆ ಮೇಜಿನ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಲದ ವಿಡಿಯೋ ನೋಡುತ್ತಾರೆ. ದಿನಕ್ಕೆ ಮೂರು ಸಲ. ಪಕ್ಕದಲ್ಲೊಂದು ನೋಟ್‌ಬುಕ್: ಗಾಳಿ ಯಾವ ಕಡೆಯಿಂದ, ಮೊದಲ ಜಿಂಕೆ ಎಷ್ಟು ಗಂಟೆಗೆ, ಯಾವ ಮೂಲೆಯಿಂದ.

ಕಾಡಿನ ಕ್ಯಾಮೆರಾ ಅಂದರೆ ನಮಗೆ ಗೊತ್ತಿರೋದು ಪ್ರಾಣಿ ಎದುರಿಗೆ ಬಂದಾಗ ಕ್ಲಿಕ್ ಆಗುವಂಥದ್ದು. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲಿ ಅಂಥ ಕ್ಯಾಮೆರಾ ಇಟ್ಟು ಹುಲಿಗಳನ್ನು ಪಟ್ಟೆಯಿಂದಲೇ ಗುರುತಿಸಿ ಎಣಿಸಿದರು. ಆ ಕ್ಯಾಮೆರಾ ಮೈಯ ಬಿಸಿ ಮತ್ತು ಚಲನೆ ಹಿಡಿಯುತ್ತದೆ, ಅದೂ ಅರವತ್ತು, ಎಂಬತ್ತು ಅಡಿಯೊಳಗೆ. ಕಾಲುದಾರಿಗೆ ಸಾಕು. ಆದರೆ ಹೊಲ ಇನ್ನೂರು ಮೀಟರ್ ಉದ್ದ ಇದ್ದರೆ? ಆಚೆ ತುದಿಯಲ್ಲಿ ಜಿಂಕೆ ಹಿಂಡೇ ಮೇಯ್ದು ಹೋದರೂ ಅದಕ್ಕೆ ಗೊತ್ತಾಗಲ್ಲ. ಯಜಮಾನರದ್ದು ಬೇರೆ ನಮೂನೆ. ಏನಾದರೂ ಬರಲಿ ಬಿಡಲಿ, ಬೆಳಗಿನಿಂದ ಸಂಜೆವರೆಗೆ ಹತ್ತು ಸೆಕೆಂಡಿಗೊಂದು ಫೋಟೋ. ಹನ್ನೊಂದು ಗಂಟೆಗೆ 3960 ಫೋಟೋ. ಅದನ್ನು ಜೋಡಿಸಿ ಓಡಿಸಿದರೆ ಎರಡು ನಿಮಿಷ ಚಿಲ್ಲರೆಯಲ್ಲಿ ಒಂದು ದಿನ ಮುಗಿಯುತ್ತದೆ. ನೆರಳು ಹೊಲದ ಮೇಲೆ ಸರಸರ ಎಳೆದುಕೊಂಡು ಹೋಗುತ್ತದೆ, ಟರ್ಕಿ ಕೋಳಿಗಳು ಇರುವೆ ಸಾಲಿನ ಹಾಗೆ ಬಂದು ಹೋಗುತ್ತವೆ, ಜಿಂಕೆ ಅಂದರೆ ಕಾಡಿನ ಅಂಚಿಂದ ಉದುರುವ ಕಂದು ಚುಕ್ಕಿ.

ಇಂಥವು ಎರಡು ಇದ್ದವು. ಒಂದನೆಯದನ್ನು ಶುಕ್ರವಾರ ಗೆಳೆಯ ಕಟ್ಟಿದ. ಎರಡನೆಯದನ್ನು ನನಗೆ ಬಿಟ್ಟ.

ಇಲ್ಲಿಂದ ನನ್ನ ಹೊಟ್ಟೆಯುರಿ. ಇಂಥದ್ದೊಂದನ್ನು ನೀವು ಯಾವತ್ತಾದರೂ ಕಟ್ಟುವುದಿದ್ದರೆ, ನಮ್ಮ ತೋಟಕ್ಕೆ ಹಂದಿ ಯಾವ ಕಡೆಯಿಂದ ನುಗ್ಗುತ್ತದೆ ಅಂತ ನೋಡೋಕಾದರೂ ಸರಿ, ದಯವಿಟ್ಟು ಗಡಿಯಾರ ಎರಡು ಸಲ ನೋಡಿ. ಚಳಿಯಲ್ಲಿ ಬೇಗ ಸಾಯದ ಲಿಥಿಯಂ ಸೆಲ್ ಹಾಕಿದ್ದೆ. ಸೂರ್ಯ ಲೆನ್ಸ್‌ಗೆ ಹೊಡೆಯದ ಹಾಗೆ ಈಶಾನ್ಯಕ್ಕೆ ಮುಖ ಮಾಡಿ ಕಟ್ಟಿದ್ದೆ. ಎದುರಿನ ಹುಲ್ಲು ಕೂಡ ಕಿತ್ತಿದ್ದೆ. ಇಷ್ಟೆಲ್ಲ ಮಾಡಿ, ಮಧ್ಯಾಹ್ನ ಮೂರು ಗಂಟೆಯನ್ನು ಬೆಳಗಿನ ಜಾವ ಮೂರು ಅಂತ ಹಾಕಿಬಿಟ್ಟೆ. ಬೆರಳ ಮೇಲೆ ದಪ್ಪ ಗ್ಲೌಸ್, ಅಕ್ಕಿಕಾಳಿನಷ್ಟು ಬಟನ್ನು. ಶನಿವಾರ ಬೆಳಗ್ಗೆ ಯಜಮಾನರು ಮೊಟ್ಟೆ ಹುರಿಯುತ್ತಾ "ಎಎಮ್ ಪಿಎಮ್ ನೋಡಿದೆ ತಾನೇ?" ಅಂದರು. ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಯಿತು.

ತಕ್ಷಣ ಹೋಗಿ ಸರಿಮಾಡೋಕೂ ಆಗಲ್ಲ, ಗೆಳೆಯ ಬೆಳಗಿನಿಂದ ಬಿಲ್ಲು ಹಿಡಿದು ಮರದ ಮೇಲೆ ಕೂತಿದ್ದ. ನಮ್ಮ ಮಲೆನಾಡಲ್ಲಿ ಇದಕ್ಕೆ ಮರಸು ಕೂರೋದು ಅಂತಾರೆ. ನನ್ನ ಅಜ್ಜ ಕೂತವರೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋವಿ ಮೂಲೆ ಸೇರಿತು, ಕಥೆ ಮಾತ್ರ ಉಳಿಯಿತು. ಮರಸು ಕೂತವನಿರುವಾಗ ಅತ್ತ ಕಡೆ ಕಾಲಿಟ್ಟರೆ ಅಜ್ಜ ಹೇಗೆ ಬೈಯುತ್ತಿದ್ದರು ಅಂತ ಅಮ್ಮ ಈಗಲೂ ಆಡಿ ತೋರಿಸುತ್ತಾಳೆ. ಹಾಗಾಗಿ ಅವನು ಇಳಿಯೋವರೆಗೆ ಕಾದೆ.

ಹನ್ನೆರಡೂವರೆಗೆ ಹೊರಟೆ. ಯಜಮಾನರು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಸದೆ ಬಿಡಲಿಲ್ಲ. ಹೊಲದ ಅಂಚಲ್ಲಿ ಬೇಲಿ, ಬೇಲಿ ಪಕ್ಕ ಎದೆಯೆತ್ತರದ ಒಣ ಹುಲ್ಲು, ಅದರೊಳಗೆ ನಡೆದು ಹೋದೆ. ಸುಮ್ಮನೆ ಹೋಗಲಿಲ್ಲ. ನನ್ನನ್ನೂ ಕ್ಯಾಮೆರಾವನ್ನೂ ಅದರ ಬಟನ್ ಮಾಡಿದವನ ಇಡೀ ವಂಶವನ್ನೂ ಅಪ್ಪಟ ಕನ್ನಡದಲ್ಲಿ, ಜೋರಾಗಿ, ಬೈದುಕೊಂಡು ಹೋದೆ. ಯಾರಿದ್ದಾರೆ ಕೇಳೋಕೆ ಅಂತ.

ಸಂಜೆ ಮೇಜಿನ ಮುಂದೆ ಕೂತೆವು. ಮೊದಲು ನನ್ನ ಕಾರ್ಡು. ರಾತ್ರಿ ಏಳರಿಂದ ಬೆಳಗಿನ ಆರರವರೆಗೆ, 3960 ಕಪ್ಪು ಫೋಟೋ. ಮುಚ್ಚಿಬಿಡಿ ಸರ್ ಅಂದೆ. ಅವರು ಮುಚ್ಚಲಿಲ್ಲ, ಪೂರ್ತಿ ಓಡಿಸಿದರು. ನಡುವೆ ಒಂದು ಬಿಳಿ ಚುಕ್ಕಿ ಮೂಲೆಯಿಂದ ಎದ್ದು ಓರೆಯಾಗಿ ಹೋಗಿ ಮರೆಯಾಯಿತು. "ಚಂದ್ರ. ನನ್ನ ಹತ್ತಿರ ಇದಿರಲಿಲ್ಲ," ಅಂದು ನೋಟ್‌ಬುಕ್ಕಲ್ಲಿ ಬರೆದುಕೊಂಡರು. ತಮಾಷೆಗೋ ನಿಜಕ್ಕೋ ಇವತ್ತಿಗೂ ಗೊತ್ತಾಗಿಲ್ಲ.

ಆಮೇಲೆ ಒಂದನೇ ಕ್ಯಾಮೆರಾದ ಶನಿವಾರ. ಎರಡು ನಿಮಿಷ ನೋಡಿದೆ. ಟರ್ಕಿಗಳು, ನೆರಳು, ಬೆಳಗ್ಗೆ ಎರಡು ಚುಕ್ಕಿ. ಮುಗಿಯಿತು.

"ನೀನು ಕಂಡೆಯಾ?" ಅಂದರು.

"ಎಲ್ಲಿ?"

ಹಿಂದೆ ತಿರುಗಿಸಿ ಒಂದೊಂದೇ ಫೋಟೋ ಒತ್ತಿದರು. 12:40. ಬೇಲಿ ಪಕ್ಕ ಕಿತ್ತಳೆ ಚುಕ್ಕಿ. ಮುಂದಿನದರಲ್ಲಿ ಸ್ವಲ್ಪ ಬಲಕ್ಕೆ. ಇನ್ನೂ ಬಲಕ್ಕೆ. ಇಡೀ ಹೊಲ ದಾಟೋಕೆ ನನಗೆ ಇಪ್ಪತ್ತು ಫೋಟೋ ಹಿಡಿದಿತ್ತು, ವಿಡಿಯೋದಲ್ಲಿ ಅದು ಒಂದು ಸೆಕೆಂಡೂ ಆಗಲ್ಲ. ಕಣ್ಣು ಮಿಟುಕಿಸಿದರೆ ನಾನು ಆ ದಿನ ಅಲ್ಲಿ ಇರಲೇ ಇಲ್ಲ.

"ಈಗ ಇದು ನೋಡು," ಅಂತ ಬೆಳಗ್ಗೆ 7:50ಕ್ಕೆ ಹೋದರು. ಕಾಡಿನ ಅಂಚಿಂದ ಒಂದು ಕಂದು ಚುಕ್ಕಿ ಹುಲ್ಲಿನೊಳಗೆ ಬರುತ್ತದೆ. ನನಗೆ ಕೊಂಬು ಗಿಂಬು ಏನೂ ಕಾಣಲಿಲ್ಲ. ತಲೆ ತಗ್ಗಿಸಿ ನೆಲ ಮೂಸುತ್ತಾ ಬರೋದು ನೋಡಿಯೇ ಗಂಡು ಅಂದರು, ಈಗ ಅವು ಹೆಣ್ಣಿನ ಜಾಡು ಹಿಡಿದು ತಿರುಗುವ ಕಾಲವಂತೆ. ಮೂರು ಫೋಟೋ ನಿಂತಿತ್ತು. ನಾಲ್ಕನೆಯದರಲ್ಲಿ ಇಲ್ಲ. ಐದು, ಆರು, ಹತ್ತು, ಎಲ್ಲೂ ಇಲ್ಲ.

"ಹೋಯ್ತಾ?"

"ಮಲಗಿತು."

ಮತ್ತೆ ಮುಂದೆ. ಗಂಟೆಗಳನ್ನು ಬೆರಳಲ್ಲಿ ಒತ್ತಿ ದಾಟಿಸಿದರು. 12:40ಕ್ಕೆ ನಾನು ಬಂದೆ, ಹೋದೆ. 1:05ಕ್ಕೆ ಅದೇ ಜಾಗದಲ್ಲಿ ಹುಲ್ಲಿಂದ ಒಂದು ಬೆನ್ನು ಎದ್ದಿತು. ಎದ್ದು, ಮೈ ಮುರಿದು, ಹಿಂದುಮುಂದಾಗಿ ತಿರುಗಿ, ಅಲ್ಲೇ ಮತ್ತೆ ಮಲಗಿತು.

ಯಜಮಾನರು ಪರದೆಗೆ ಬೆರಳಿಟ್ಟು ಬೇಲಿ ಕಂಬ ಎಣಿಸಿದರು. ನಾನು ನಡೆದ ಜಾಗಕ್ಕೂ ಅದು ಮಲಗಿದ ಜಾಗಕ್ಕೂ ನಾಲ್ಕು ಕಂಬ. "ಕಂಬ ನಾನೇ ನೆಟ್ಟಿದ್ದು. ಹದಿನೈದು ಅಡಿಗೊಂದು." ಅಂದರೆ ಅರವತ್ತು ಅಡಿ. ನಮ್ಮೂರ ಮನೆ ಅಂಗಳದ ಈ ತುದಿಯಿಂದ ಆ ತುದಿ. ಅಷ್ಟು ಹತ್ತಿರದಲ್ಲಿ ಒಂದು ದೊಡ್ಡ ಗಂಡು ಜಿಂಕೆ ಉಸಿರು ಹಿಡಿದು ಕೂತು, ನಾನು ಬಟನ್ ಮಾಡಿದವನ ವಂಶ ಬೈಯೋದನ್ನು ಪೂರ್ತಿ ಕೇಳಿಸಿಕೊಂಡಿದೆ.

"ಈ ಜಾಕೆಟ್ ನೋಡಿಯೂ ಓಡಲಿಲ್ವಲ್ಲ?" ಅಂದೆ.

"ಕಿತ್ತಳೆ ಅದರ ಕಣ್ಣಿಗೆ ಮಂಕು. ನಿನ್ನ ನೀಲಿ ಜೀನ್ಸ್ ಮಾತ್ರ ಚೆನ್ನಾಗಿ ಕಂಡಿರುತ್ತೆ."

"ಮತ್ತೆ ಯಾಕೆ ಏಳಲಿಲ್ಲ?"

"ಎದ್ದರೆ ತಾನೇ ನಿನಗೆ ಕಾಣೋದು?"

ನನ್ನ ಗೆಳೆಯನ ಮುಖ ನೋಡಬೇಕಿತ್ತು. ಬೆಳಗ್ಗೆ ಅವನು ಕೂತಿದ್ದ ಮರ ಹೊಲದ ಇನ್ನೊಂದು ಮೂಲೆಯಲ್ಲಿ. ಅವನು ಅತ್ತ ಮುಖ ಮಾಡಿ ಚಳಿಯಲ್ಲಿ ನಾಲ್ಕು ಗಂಟೆ ಕೂತಿದ್ದಾಗ ಇದು ಇತ್ತ ನಿದ್ದೆ ಹೊಡೆಯುತ್ತಿತ್ತು. ನಾಳೆ ಬೆಳಗಾಗೋ ಮುಂಚೆ ಆ ಹುಲ್ಲಿನ ಹತ್ತಿರ ಕೂರುತ್ತೇನೆ ಅಂದ. ನನಗೆ ಯಾಕೋ ಸರಿ ಅನ್ನಿಸಲಿಲ್ಲ. "ಇದು ಮೋಸ ಅಲ್ವಾ ಸರ್? ಅರಿಜೋನಾದಲ್ಲಿ ಬೇಟೆಗೆ ಇಂಥ ಕ್ಯಾಮೆರಾ ಬೇಡ ಅಂತ 2022ರಿಂದ ನಿಲ್ಲಿಸಿದ್ದಾರಂತಲ್ಲ," ಅಂದೆ. ನನ್ನನ್ನೇ ನೋಡಿ ಸುಮ್ಮನಿದ್ದ ಜಿಂಕೆ ಅನ್ನೋ ಕಕ್ಕುಲಾತಿ, ಒಪ್ಪಿಕೊಳ್ಳುತ್ತೇನೆ.

ಯಜಮಾನರಿಗೆ ಸಿಟ್ಟು ಬರಲಿಲ್ಲ. ಬಹಳ ಹೊತ್ತು ಇದರ ಮೇಲೇ ಮಾತಾಯಿತು. ಫೋಟೋವನ್ನು ಆ ಕ್ಷಣವೇ ಫೋನಿಗೆ ಕಳಿಸುವ ಕ್ಯಾಮೆರಾಗಳಿವೆ, ಮಗ ಎರಡು ತಂದಿದ್ದ, ಜಮೀನೊಳಗೆ ಬಿಡಲಿಲ್ಲ ಅಂದರು. "ಅದು ಜಿಂಕೆ ಈಗ ಎಲ್ಲಿದೆ ಅಂತ ಹೇಳುತ್ತೆ. ಇದು ನಿನ್ನೆ ಎಲ್ಲಿತ್ತು ಅಂತ ಹೇಳುತ್ತೆ." "ನಿನ್ನೆ ಗೊತ್ತಾಗಿ ಯಾರಿಗೆ ಏನು ಸಿಕ್ಕಿದೆ?" ಮಗ ಗೊಣಗಿದ. ಅವರು ನೋಟ್‌ಬುಕ್ ತಿರುವಿದರು. ಸೆಪ್ಟೆಂಬರಲ್ಲಿ ಸೋಯಾ ಹಸಿರಿದ್ದಾಗ ಎಲ್ಲವೂ ಆಗ್ನೇಯ ಮೂಲೆಯಿಂದ ಬರುತ್ತಿದ್ದವು. ಅಕ್ಟೋಬರಲ್ಲಿ ಓಕ್ ಮರದ ಕಾಯಿ ಉದುರಿತು, ಹೊಲ ಖಾಲಿ, ಎಲ್ಲ ಕಾಡೊಳಗೆ. ನೆರಳು, ಟರ್ಕಿ, ಏನೂ ಇಲ್ಲದ ಹದಿನೇಳು ದಿನ. ಆ ಹದಿನೇಳು ದಿನವನ್ನೂ ದಿನಕ್ಕೆ ಮೂರು ಸಲ ನೋಡಿದ್ದಾರೆ. "ಹೊಡೆಯೋಕೆ ಅಂತ ಶುರು ಮಾಡಿದೆ. ಈಗ ಬೇಟೆ ಸೀಸನ್ ಬಂದರೆ ಬೇಜಾರು, ಮಗ ಹೊಲದ ತುಂಬ ಓಡಾಡಿ ವಿಡಿಯೋ ಹಾಳುಮಾಡ್ತಾನೆ."

ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದೆ ಹೋಗುವ ದಿನ. ಗೆಳೆಯ ಅವನ ಕ್ಯಾಮೆರಾಗಳ ಸಮಯ ಬದಲಿಸಿದ. ಯಜಮಾನರು ತಮ್ಮದನ್ನು ಮುಟ್ಟಗೊಡಲಿಲ್ಲ, ಜಿಂಕೆಗೆ ಸರ್ಕಾರದ ಗಡಿಯಾರ ಕಟ್ಟಿಕೊಂಡು ಏನಾಗಬೇಕು ಅಂತ. ಮಾರ್ಚ್‌ವರೆಗೆ ಅಪ್ಪ ಮಗನ ಲೆಕ್ಕ ಒಂದು ಗಂಟೆ ತಾಳೆಯಾಗಲ್ಲ, ಪ್ರತಿ ವರ್ಷ ಇದೇ ಜಗಳವಂತೆ. ಬೆಳಗ್ಗೆ ಗೆಳೆಯ ಹುಲ್ಲಿನ ಹತ್ತಿರ ಕೂತು ಬಂದ. ಏನೂ ಬರಲಿಲ್ಲ. ಆ ಹುಲ್ಲಿನೊಳಗೆ ಹೋಗಿ ನೋಡಿದೆವು: ಕುಕ್ಕೆಯಗಲದ ಒಂದು ಹಾಸಿಗೆ, ಹುಲ್ಲು ಒಂದೇ ಕಡೆಗೆ ಒತ್ತಿ ಮಲಗಿತ್ತು. ಕೂತು ನೋಡಿದೆ. ಅಲ್ಲಿಂದ ನಾನು ನಡೆದ ದಾರಿ ಪೂರ್ತಿ ಕಾಣುತ್ತಿತ್ತು.

ಹೊರಡುವಾಗ ಯಜಮಾನರು ಜಿಂಕೆ ಮಾಂಸದ ಒಣ ತುಂಡುಗಳ ಪೊಟ್ಟಣ ಕೊಟ್ಟರು, ಪರೀಕ್ಷೆ ಆಗಿದೆ ಅಂತ ಎರಡು ಸಲ ಹೇಳಿ. ಚಪ್ಪಲಿ ಅಗಿದ ಹಾಗಿತ್ತು, ಖಾರವೂ ಇಲ್ಲ. ನನಗೆ ಅವರ ಮೊಟ್ಟೆಯೇ ಹಿಡಿಸಿದ್ದು.

ಮೂರನೇ ಜಿಂಕೆ. ನಮ್ಮ ಮನೆಗೆ ಇನ್ನು ಹತ್ತು ನಿಮಿಷ ಇರುವಾಗ, ಸಾಲು ಮನೆಗಳ ಬೀದಿಯಲ್ಲಿ ಯಾರದ್ದೋ ಬಾಗಿಲ ಮುಂದೆ ನಿಂತಿತ್ತು. ಹೆಣ್ಣು. ಹ್ಯಾಲೋವೀನ್‌ಗೆ ಕಣ್ಣು ಬಾಯಿ ಕೊರೆದು ಮೆಟ್ಟಿಲ ಮೇಲಿಟ್ಟಿದ್ದ ಕುಂಬಳಕಾಯಿಯನ್ನು ನಿಧಾನಕ್ಕೆ, ಮೂಗಿನ ಕಡೆಯಿಂದ ತಿನ್ನುತ್ತಿತ್ತು. ಕಾರು ನಿಲ್ಲಿಸಿದೆವು. ಒಂದು ಸಲ ತಲೆಯೆತ್ತಿ ನಮ್ಮನ್ನು ನೋಡಿ ಮತ್ತೆ ಬಾಯಿ ಹಾಕಿತು. ಅದರ ತಲೆಯ ಮೇಲೇ, ಬಾಗಿಲ ಪಕ್ಕ, ಕರೆಗಂಟೆಯ ಕ್ಯಾಮೆರಾದ ನೀಲಿ ದೀಪ ಉರಿಯುತ್ತಿತ್ತು.